ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ತಂದು ನಾನು ಪಟ್ಟ ಪಾಡು

ದಾವಣಗೆರೆಯ ವಿದ್ಯಾನಗರದಲ್ಲಿ ಕೂತು ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತೇನೆ. ನನ್ನ ಕಂಪ್ಯೂಟರು 2012ರದ್ದು. ಐ5-3470 ಪ್ರೊಸೆಸರ್, ಎಚ್61 ಮದರ್‌ಬೋರ್ಡ್. ಫೋರ್-ಕೆ ಕ್ಲಿಪ್ ಹಾಕಿದರೆ ಮುಗೀತು, ಅಕ್ಷತೆ ಹಾಕೋ ಕೈಗಳು ಅಲ್ಲಲ್ಲೇ ನಿಂತುಬಿಡುತ್ತಿದ್ದವು. ಹೊಸದು ತಗೊಳ್ಳೋಕೆ ಕೈಯಲ್ಲಿ ಕಾಸಿರಲಿಲ್ಲ. ಮಂಡಕ್ಕಿ ಭಟ್ಟಿ ಕಡೆಯ ಒಬ್ಬ ಹುಡುಗ ಎಎಂಡಿ ಕಂಪನಿಯ ಆರ್‌ಎಕ್ಸ್ 570, 4 ಜಿಬಿ ಗ್ರಾಫಿಕ್ಸ್ ಕಾರ್ಡನ್ನು 4,500 ರೂಪಾಯಿಗೆ ಕೊಡುತ್ತೇನೆ ಅಂದ. ಓಡಿಸಿ ತೋರಿಸು ಅಂತ ಕೇಳಲಿಲ್ಲ. ಅದು ನನ್ನದೇ ತಪ್ಪು.

ಮನೆಗೆ ತಂದು ಹಾಕಿದೆ. ಫ್ಯಾನ್ ತಿರುಗಿತು, ಡಿಸ್‌ಪ್ಲೇ ಬರಲಿಲ್ಲ.

ಇದು ದೊಡ್ಡ ವಿಷಯವೇನಲ್ಲ. ಕಾರ್ಡ್ ತೆಗೆದು, ಸ್ಲಾಟಿಗೆ ಕೂರುವ ಚಿನ್ನದ ಬಣ್ಣದ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ತಿಕ್ಕಿದೆ. ರಬ್ಬರ್ ಕಪ್ಪಾಯಿತು. ಬ್ರಷ್‌ನಿಂದ ಪುಡಿ ಹೊಡೆದು, ಸ್ಲಾಟಿನ ಲಾಕ್ ಟಕ್ ಅನ್ನೋವರೆಗೆ ಒತ್ತಿದೆ. ಡಿಸ್‌ಪ್ಲೇ ಬಂತು. ಖುಷಿಯಲ್ಲಿ ಡ್ರೈವರ್, ಅಂದರೆ ವಿಂಡೋಸಿಗೆ ಕಾರ್ಡನ್ನು ಓಡಿಸಲು ಬೇಕಾದ ಸಾಫ್ಟ್‌ವೇರ್ ಹಾಕಿದೆ. ಅರ್ಧಕ್ಕೆ ಬಂದಾಗ ಸ್ಕ್ರೀನ್ ಕಪ್ಪಾಯಿತು. ರೀಸ್ಟಾರ್ಟ್ ಮಾಡಿದರೆ ದಪ್ಪ ದಪ್ಪ ಅಕ್ಷರದ ವಿಂಡೋಸ್. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಪಕ್ಕ ಹಳದಿ ಗುರುತು, ಕೋಡ್ 43. ಅಂದರೆ ತೊಂದರೆ ಇದೆ ಅಂತ ವಿಂಡೋಸೇ ಕಾರ್ಡನ್ನು ನಿಲ್ಲಿಸಿತ್ತು.

ಹುಡುಗನಿಗೆ ಫೋನ್ ಮಾಡಿದೆ. "ನನ್ ಹತ್ರ ಇದ್ದಾಗ ಚಲೋನೇ ಓಡ್ತಿತ್ತಣ್ಣ. ನಿಮ್ ಸಿಸ್ಟಮ್ಮೇ ಹಳೇದಾಗೈತಿ ನೋಡ್ರಿ" ಅಂದ. ಆಮೇಲೆ ಫೋನ್ ಎತ್ತಲಿಲ್ಲ.

ಡ್ರೈವರನ್ನು ಬುಡಸಮೇತ ಕಿತ್ತು ಎರಡು ಸಲ ಹೊಸದಾಗಿ ಹಾಕಿದೆ. ಅದೇ ಕಥೆ. ಆಗ ಬೇರೆ ದಿಕ್ಕಿನಲ್ಲಿ ಯೋಚನೆ ಬಂತು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಮೈನಿಂಗ್ (ಗ್ರಾಫಿಕ್ಸ್ ಕಾರ್ಡ್ ಓಡಿಸಿ ಡಿಜಿಟಲ್ ನಾಣ್ಯ ಗಳಿಸುವ ಕೆಲಸ) ನಿಂತಿತಲ್ವಾ, ಅಲ್ಲಿ ಹಗಲೂ ರಾತ್ರಿ ದುಡಿದ ಕಾರ್ಡುಗಳೆಲ್ಲ ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿಗೆ ಬಂದವು. ಮೈನಿಂಗ್ ಮಾಡುವವರು ಮೆಮೊರಿ ಜಾಸ್ತಿ ಓಡಲಿ ಅಂತ ಕಾರ್ಡಿನ ಬಯಾಸನ್ನೇ, ಅಂದರೆ ಕಾರ್ಡ್ ಹೇಗೆ ಓಡಬೇಕು ಅಂತ ಅದರೊಳಗೇ ಬರೆದಿಟ್ಟ ಪ್ರೋಗ್ರಾಂ ಅನ್ನೇ ತಿದ್ದುತ್ತಿದ್ದರು. ಬಯಾಸ್ ತಿದ್ದಿದ್ದಾರೆ ಅಂತ ಗೊತ್ತಾದರೆ ಎಎಂಡಿ ಡ್ರೈವರ್ ಅಂಥ ಕಾರ್ಡಿಗೆ ಕೈ ಹಾಕುವುದಿಲ್ಲ.

ನೋಡೇ ಬಿಡೋಣ ಅಂತ ಜಿಪಿಯು-ಝಡ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಕಾರ್ಡಿನ ಬಯಾಸನ್ನು ಫೈಲಾಗಿ ಇಳಿಸಿಕೊಂಡು, ಪೊಲಾರಿಸ್ ಬಯಾಸ್ ಎಡಿಟರ್‌ನಲ್ಲಿ ತೆರೆದೆ. ಮೆಮೊರಿ ಕ್ಲಾಕ್, ಅಂದರೆ ಮೆಮೊರಿಯ ವೇಗ 1750 ಮೆಗಾಹರ್ಟ್ಸ್ ಇರಬೇಕಾದ ಕಡೆ 2000 ಅಂತ ಇತ್ತು. ಕಳ್ಳ ಸಿಕ್ಕ.

ಇನ್ನು ಒರಿಜಿನಲ್ ಬಯಾಸ್ ಹಾಕಬೇಕು. ಟೆಕ್‌ಪವರ್‌ಅಪ್ ವೆಬ್‌ಸೈಟಿನ ಸಂಗ್ರಹದಲ್ಲಿ ಫೈಲುಗಳು ಸಿಗುತ್ತವೆ. ಆದರೆ ಅದೇ ಕಂಪನಿ, ಅದೇ ಮಾಡೆಲ್ ಆದರೆ ಸಾಲದು, ಮೆಮೊರಿ ಚಿಪ್ ಯಾರದ್ದು ಅಂತಲೂ ನೋಡಬೇಕು. ನನ್ನ ಕಾರ್ಡಿನಲ್ಲಿ ಹೈನಿಕ್ಸ್ ಕಂಪನಿಯ ಚಿಪ್ ಇತ್ತು. ಸ್ಯಾಮ್‌ಸಂಗ್ ಮೆಮೊರಿಗೆ ಮಾತ್ರ ಮಾಡಿದ ಬಯಾಸ್ ಇದಕ್ಕೆ ಒಗ್ಗುವುದಿಲ್ಲ. ಹಳೇ ಫೈಲನ್ನು ಪೆನ್‌ಡ್ರೈವಿಗೆ ಹಾಕಿಟ್ಟೆ. ಎಡವಟ್ಟಾದರೆ ಅದೇ ಗತಿ.

ಈ ಹಂತದಲ್ಲಿ ಹಳೇ ಕಂಪ್ಯೂಟರೇ ಅನುಕೂಲಕ್ಕೆ ಬಂತು. ಐ5-3470 ಒಳಗೇ ಗ್ರಾಫಿಕ್ಸ್ ಇದೆ. ಮದರ್‌ಬೋರ್ಡ್ ಬಯಾಸ್‌ನಲ್ಲಿ ಡಿಸ್‌ಪ್ಲೇಯನ್ನು ಆನ್‌ಬೋರ್ಡ್‌ಗೆ ಬದಲಾಯಿಸಿ, ಮಾನಿಟರ್ ವೈರನ್ನು ಬೋರ್ಡಿಗೇ ಸಿಕ್ಕಿಸಿದೆ. ಕಾರ್ಡ್ ಕೆಟ್ಟು ಕೂತರೂ ಕಣ್ಣಿಗೆ ಸ್ಕ್ರೀನ್ ಕಾಣಿಸುತ್ತಿರುತ್ತದೆ.

ಉಳಿದದ್ದು ಕರೆಂಟಿನ ಭಯ. ಫ್ಲ್ಯಾಶ್ ಆಗುವಾಗ, ಅಂದರೆ ಕಾರ್ಡಿಗೆ ಬಯಾಸ್ ಬರೆಯುವಾಗ ಕರೆಂಟ್ ಹೋದರೆ ಬಯಾಸ್ ಅರ್ಧಂಬರ್ಧ ಆಗುತ್ತದೆ. ನನ್ನ ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿತ್ತು. ಏಪ್ರಿಲ್ ತಿಂಗಳು, ದಿನಕ್ಕೆ ಮೂರ್ನಾಲ್ಕು ಸಲ ಕರೆಂಟ್ ಹೋಗಿ ಬರುತ್ತಿತ್ತು. ಪಕ್ಕದ ಝೆರಾಕ್ಸ್ ಅಂಗಡಿಯಿಂದ ಯುಪಿಎಸ್ ಕೇಳಿ ತಂದೆ. ಬಯಾಸ್ ಬರೆಯುವ ಎಎಂಡಿವಿಬಿಫ್ಲ್ಯಾಶ್ ಸಾಫ್ಟ್‌ವೇರ್‌ಗೆ ಕಮಾಂಡ್ ಕೊಟ್ಟು ಎಂಟರ್ ಒತ್ತಿದೆ. ನಿಮಿಷ ಕೂಡ ಹಿಡಿಯಲಿಲ್ಲ, ಆದರೆ ಅಷ್ಟೂ ಹೊತ್ತು ಕುರ್ಚಿಯಿಂದ ಅಲ್ಲಾಡಲಿಲ್ಲ. ರೀಸ್ಟಾರ್ಟ್, ಡ್ರೈವರ್, ಕೋಡ್ 43 ಮಾಯ.

ಇಲ್ಲಿಗೆ ಮುಗೀತು ಅಂದುಕೊಂಡು ಒಂದು ಹರಿಹರದ ಮದುವೆ ರೆಂಡರ್‌ಗೆ ಹಾಕಿದೆ. ಹತ್ತು ನಿಮಿಷಕ್ಕೆ ಇಡೀ ಕಂಪ್ಯೂಟರೇ ಟಪ್ ಅಂತ ಆಫ್. ಮತ್ತೆ ಹಾಕಿದೆ, ಮತ್ತೆ ಆಫ್.

ಕಾರ್ಡ್ ಸುಡುತ್ತಿತ್ತು, 88 ಡಿಗ್ರಿ. ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿ ಹೀಟ್‌ಸಿಂಕ್ ಎತ್ತಿದೆ. ಚಿಪ್ಪಿನ ಶಾಖವನ್ನು ಹೀಟ್‌ಸಿಂಕಿಗೆ ದಾಟಿಸುವ ಥರ್ಮಲ್ ಪೇಸ್ಟ್ ವಿಭೂತಿ ಗಟ್ಟಿಯ ಹಾಗೆ ಒಣಗಿ ಉದುರಿತು. ರೆಕ್ಕೆಗಳ ಸಂದಿಯಲ್ಲಿ ಭಟ್ಟಿಯ ಕಪ್ಪು ಮಸಿ, ಎಣ್ಣೆ ಜಿಡ್ಡಿನಂತೆ ಅಂಟಿಕೊಂಡಿತ್ತು. ಮೊಬೈಲ್ ರಿಪೇರಿಯವರು ಬಳಸುವ ಐಪಿಎ ಅನ್ನೋ ಆಲ್ಕೋಹಾಲ್ ತಂದು ಒರೆಸಿ, ಕಡಲೆಕಾಳಿನಷ್ಟು ಹೊಸ ಪೇಸ್ಟ್ ಇಟ್ಟು ಮುಚ್ಚಿದೆ. ಶಾಖ 72ಕ್ಕೆ ಇಳಿಯಿತು. ಆಫ್ ಆಗುವುದು ಮಾತ್ರ ನಿಲ್ಲಲಿಲ್ಲ.

"ಹೀಟ್ ಗನ್ ಹಿಡಿ, ಚಿಪ್ಪಿನ ಬೆಸುಗೆ ಕೂರುತ್ತೆ" ಅಂತ ಗೆಳೆಯ ಹೇಳಿದ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಹಾಗೆ ಎದ್ದ ಕಾರ್ಡು ಸ್ವಲ್ಪ ದಿನಕ್ಕೆ ಮತ್ತೆ ಮಲಗಿದ್ದನ್ನೇ ನೋಡಿದ್ದೇನೆ. ಅದೂ ಅಲ್ಲದೆ, ಚಿಪ್ ಹೋಗಿದ್ದರೆ ಸ್ಕ್ರೀನ್ ಮೇಲೆ ಗೆರೆ, ಚುಕ್ಕಿ ಬರುತ್ತಿದ್ದವು. ಇಲ್ಲಿ ಚಿತ್ರ ಕನ್ನಡಿಯ ಹಾಗೆ ಇತ್ತು.

ದಾರಿ ತೋರಿಸಿದ್ದು ಕೆಳಗಿನ ಮಳಿಗೆಯಲ್ಲಿ ಮೋಟಾರ್ ವೈಂಡಿಂಗ್ ಮಾಡುವ ಕಾಕಾ. ಕಂಪ್ಯೂಟರ್ ಅವರಿಗೆ ಗೊತ್ತಿಲ್ಲ. "ಲೋಡ್ ಬಿದ್ದಾಗ ಓಲ್ಟೇಜ್ ಎಷ್ಟು ಬರ್ತೈತಿ, ಅದನ್ನ ನೋಡಿದಿ ಏನು?" ಅಂತ ಮಲ್ಟಿಮೀಟರ್ ಕೈಗಿಟ್ಟರು.

ಹಾರ್ಡ್‌ಡಿಸ್ಕಿಗೆ ಹೋಗುವಂಥ ಒಂದು ಖಾಲಿ ನಾಲ್ಕು ಪಿನ್ ಕನೆಕ್ಟರ್ ಇತ್ತು. ಕಪ್ಪು ವೈರಿಗೆ ಕಪ್ಪು ಮುಳ್ಳು, ಹಳದಿ ವೈರಿಗೆ ಕೆಂಪು ಮುಳ್ಳು ಇಟ್ಟೆ. ಸುಮ್ನೆ ಇದ್ದಾಗ 11.9 ವೋಲ್ಟ್. ರೆಂಡರ್ ಶುರು ಮಾಡಿದೆ. 11.6, 11.4, 11.2, ಟಪ್. ಹಳದಿ ವೈರಿನದು 12 ವೋಲ್ಟ್ ಲೈನು, ಅದು ಶೇಕಡಾ 5ರಷ್ಟು ಮಾತ್ರ ಆಚೀಚೆ ಆಗಬಹುದು. ಅಂದರೆ 11.4ಕ್ಕಿಂತ ಕೆಳಗೆ ಇಳಿಯಕೂಡದು.

ಕಂಪ್ಯೂಟರಿಗೆ ಕರೆಂಟ್ ಹಂಚುವ ಡಬ್ಬಿ, ನನ್ನ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಅಂತ ಚೀಟಿ ಇತ್ತು. ಈ ಕಾರ್ಡಿಗೇ 150 ವ್ಯಾಟ್ ಬೇಕು. ಸ್ಲಾಟಿನಿಂದ ಸಿಗುವುದು ಹೆಚ್ಚೆಂದರೆ 75, ಉಳಿದದ್ದು ಎಸ್‌ಎಂಪಿಎಸ್‌ನಿಂದ ಕಾರ್ಡಿಗೆ ನೇರ ಬರುವ ಎಂಟು ಪಿನ್ ಕನೆಕ್ಟರ್‌ನಿಂದ ಬರಬೇಕು. ಎಸ್‌ಎಂಪಿಎಸ್‌ನಲ್ಲಿ ಎಂಟು ಪಿನ್ ಇರಲಿಲ್ಲ, 80 ರೂಪಾಯಿಯ ಕನ್ವರ್ಟರ್ ಹಾಕಿದ್ದೆ. ಅದನ್ನು ಬಿಚ್ಚಿ ನೋಡಿದರೆ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಒಂದು ಪಿನ್ನಿನ ಸುತ್ತ ಕರಗಿತ್ತು. ಇನ್ನೊಂದು ವಾರ ಹೋಗಿದ್ದರೆ ರೂಮೇ ಹೊಗೆಯಾಗುತ್ತಿತ್ತೇನೋ. ಹುಡುಗ ಸಿಸ್ಟಮ್ಮೇ ಹಳೇದು ಅಂದದ್ದು ಅರ್ಧ ನಿಜವೇ ಆಗಿತ್ತು, ಅವನಿಗೇ ಗೊತ್ತಿಲ್ಲದೆ.

ಎಂಟು ಪಿನ್ ಇರುವ ಒಳ್ಳೆ ಎಸ್‌ಎಂಪಿಎಸ್ 2,900 ರೂಪಾಯಿಗೆ ತಂದೆ. ಕಾರ್ಡಿನ ಬೆಲೆಗೆ ಅದೂ ಸೇರಿತು. ಮೀಟರ್ ಇಟ್ಟು ರೆಂಡರ್ ಮಾಡಿದೆ, 12.0ರಿಂದ 11.9ಕ್ಕೆ ಇಳಿದು ಅಲ್ಲೇ ನಿಂತಿತು. ಹರಿಹರದ ಮದುವೆ ಮುಗಿಯೋವರೆಗೆ ಕಾಕಾ ಪಕ್ಕದಲ್ಲೇ ಕೂತು ಮಿರ್ಚಿ ಮಂಡಕ್ಕಿ ತಿಂದರು.

ಕಾರ್ಡಿನ ಒಂದು ಡಿಸ್‌ಪ್ಲೇ ಪೋರ್ಟ್ ಇವತ್ತಿಗೂ ಕೆಲಸ ಮಾಡಲ್ಲ. ಅದಕ್ಕೆ ಟೇಪ್ ಅಂಟಿಸಿದ್ದೇನೆ, ಎಚ್‌ಡಿಎಂಐನಲ್ಲೇ ನಡೆದಿದೆ.