ಬಂಡೆಯ ಮೇಲೆ ಗಾಳ: ಇಳಿಯುವ ಮೊದಲೇ ಹತ್ತುವ ಗಂಟೆ ಬರೆದಿಡಿ

ಮುಂಬೈಯ ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡ್, ವರ್ಲಿ, ಮಢ್, ಮನೋರಿ. ಭಾನುವಾರ ಬೆಳಗಾದರೆ ಇಲ್ಲಿನ ಬಂಡೆಗಳ ಮೇಲೆ ಗಾಳ ಹಿಡಿದು ನಿಂತವರ ನಡುವೆ ತುಳುವೋ ಕುಂದಗನ್ನಡವೋ ಕಿವಿಗೆ ಬಿದ್ದೇ ಬೀಳುತ್ತದೆ. ಕಡಲ ಬದಿಯಲ್ಲೇ ಹುಟ್ಟಿದವರಿಗೆ ಕಡಲಿನ ಪಾಠ ಬೇರೆ ಬೇಕೇ ಎಂದು ಕೇಳುತ್ತಾರೆ. ಬೇಕು. ಮಂಗಳೂರಿನಲ್ಲಿ ಭರತಕ್ಕೂ ಇಳಿತಕ್ಕೂ ಇರುವ ಅಂತರ ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ದಿನಗಳಲ್ಲೂ ಒಂದೂವರೆ ಮೀಟರಿನ ಆಸುಪಾಸು. ಮುಂಬೈಯಲ್ಲಿ ಅದು ನಾಲ್ಕು ಮೀಟರ್ ಮುಟ್ಟುತ್ತದೆ, ಕೆಲವು ದಿನ ದಾಟುತ್ತದೆ. ಊರಿನ ಲೆಕ್ಕ ಇಟ್ಟುಕೊಂಡು ಇಲ್ಲಿ ಇಳಿದವರನ್ನು ಹಗ್ಗ ಎಸೆದು ಎಳೆದುಕೊಳ್ಳುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ. ದೊಡ್ಡ ಬೀಚುಗಳಲ್ಲಿ ಜೀವರಕ್ಷಕರಿರುತ್ತಾರೆ. ಬಂಡೆಯ ತುದಿಯಲ್ಲಿ ಇರುವುದಿಲ್ಲ. ಇಳಿಯುವುದು ನಿಮ್ಮ ಇಷ್ಟ ಎಂದಾದರೆ ಹತ್ತುವುದು ನಿಮ್ಮದೇ ಹೊಣೆ.

1. ತಿಂಗಳು ಆರಿಸಿ

ಜೂನ್‌ನಿಂದ ಸೆಪ್ಟೆಂಬರ್ ಮುಗಿಯುವ ತನಕ ಬಂಡೆಗೆ ಹೋಗಬೇಡಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಿಂದ ಯಾಂತ್ರಿಕ ದೋಣಿಗಳೇ ದಡದಲ್ಲಿರುತ್ತವೆ. ಗಾಳದವರಿಗೆ ಆ ನಿಷೇಧ ಅನ್ವಯಿಸುವುದಿಲ್ಲ ಎಂದು ವಾದಿಸುವವರಿದ್ದಾರೆ. ಅಲೆಗೆ ಆ ವಾದ ಕೇಳಿಸುವುದಿಲ್ಲ.

2. ಗಂಟೆಯ ಲೆಕ್ಕ

ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನಕ್ಕೆ ಓದಿ.

ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಸುಮಾರು ಆರು ಕಾಲು ಗಂಟೆ. ಪ್ರತಿದಿನ ಈ ಸಮಯ ಹೆಚ್ಚುಕಮ್ಮಿ 50 ನಿಮಿಷ ಮುಂದಕ್ಕೆ ಹೋಗುತ್ತದೆ. ಏಳು ದಿನಕ್ಕೆ ಲೆಕ್ಕ ಹಾಕಿ: ಆರು ಗಂಟೆಯ ಹತ್ತಿರ. ಅಂದರೆ ಹೋದ ಭಾನುವಾರ ಬೆಳಿಗ್ಗೆ ಏಳಕ್ಕೆ ಒಣಗಿದ್ದ ಬಂಡೆಯ ಸುತ್ತ ಈ ಭಾನುವಾರ ಏಳಕ್ಕೆ ಭರತದ ನೀರು ನಿಂತಿರುತ್ತದೆ. ವಾರಕ್ಕೊಮ್ಮೆ ರಜೆ ಸಿಗುವ ಹೋಟೆಲಿನವರು, ಬ್ಯಾಂಕಿನವರು ‘ಹೋದ ವಾರ ಇದೇ ಹೊತ್ತಿಗೆ ಬಂದಿದ್ದೆವಲ್ಲ’ ಎನ್ನುವಾಗ ನನಗೆ ಎದೆ ಧಸಕ್ಕೆನ್ನುತ್ತದೆ. ಆಯಾ ದಿನದ ಭರತ-ಇಳಿತದ ಪಟ್ಟಿಯನ್ನು ಆಯಾ ದಿನವೇ ನೋಡಬೇಕು.

ಪಟ್ಟಿಯಲ್ಲಿ ಎರಡು ಅಂಕಿ ನೋಡಿ, ಸಮಯ ಮತ್ತು ಮೀಟರ್. ಬಹುತೇಕರು ಭರತದ ಸಮಯ ಮಾತ್ರ ನೋಡಿ ‘ಒಂದು ಗಂಟೆಗಲ್ಲವಾ, ಹನ್ನೆರಡರವರೆಗೆ ನಿಲ್ಲಬಹುದು’ ಎನ್ನುತ್ತಾರೆ. ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಏರಿಕೆಯನ್ನು ಹನ್ನೆರಡು ಪಾಲು ಮಾಡಿ: ಮೊದಲ ಗಂಟೆ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೇ ಗಂಟೆಗಳಲ್ಲಿ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ಅಂದಾಜು ಲೆಕ್ಕವೇ, ಆದರೆ ಜೀವ ಉಳಿಸಲು ಸಾಕು.

ಉದಾಹರಣೆಗೆ ಇಳಿತ ಬೆಳಿಗ್ಗೆ 6.40ಕ್ಕೆ 0.6 ಮೀಟರ್, ಭರತ ಮಧ್ಯಾಹ್ನ 12.50ಕ್ಕೆ 4.6 ಮೀಟರ್ ಎಂದಿಟ್ಟುಕೊಳ್ಳಿ. ಅಂತರ ನಾಲ್ಕು ಮೀಟರ್. 7.40ರ ಹೊತ್ತಿಗೆ ಏರಿದ್ದು ಒಂದಡಿ. ಯಾರಿಗೂ ಗೊತ್ತಾಗುವುದಿಲ್ಲ, ಚಹಾ ಫ್ಲಾಸ್ಕ್ ತೆರೆಯುತ್ತಾರೆ. 8.40ಕ್ಕೆ ಒಟ್ಟು ಒಂದು ಮೀಟರ್. ಮುಂದಿನ ಒಂದೇ ಗಂಟೆಯಲ್ಲಿ ಇನ್ನೊಂದು ಮೀಟರ್, ಅದರ ಮುಂದಿನ ಗಂಟೆಯಲ್ಲಿ ಮತ್ತೊಂದು. ಹನ್ನೆರಡಕ್ಕೆ ಹೊರಡೋಣ ಎಂದವರ ದಾರಿ ಒಂಬತ್ತಕ್ಕೇ ಮುಚ್ಚಿಹೋಗಿರುತ್ತದೆ.

ನನ್ನ ನಿಯಮ: ಇಳಿತಕ್ಕೆ ಎರಡು ಗಂಟೆ ಮೊದಲು ಇಳಿ, ಇಳಿತ ಮುಗಿದು ಒಂದು ಗಂಟೆಯೊಳಗೆ ಹತ್ತು. ಹತ್ತುವ ಗಂಟೆಯನ್ನು ಮನೆಯಲ್ಲೇ ಚೀಟಿಯಲ್ಲಿ ಬರೆದು ಫೋನಿನಲ್ಲಿ ಅಲಾರಾಂ ಇಡಿ. ಅಲ್ಲಿ ನಿಂತು ನೀರು ನೋಡಿ ನಿರ್ಧರಿಸುತ್ತೇನೆ ಎನ್ನಬೇಡಿ. ಮೀನು ಕಚ್ಚಲು ಶುರುವಾದ ಮೇಲೆ ಯಾವ ಗಂಡಸೂ ನೀರು ನೋಡಿದ್ದನ್ನು ನಾನು ಕಂಡಿಲ್ಲ.

ಮುಂಬೈಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ದೊಡ್ಡ ಭರತ ನಡುಮಧ್ಯಾಹ್ನದ ಹತ್ತಿರ ಬೀಳುತ್ತದೆ. ಇಳಿತ ನಸುಕಿಗೆ, ಸಂಜೆಗೆ. ಇಲ್ಲಿನ ಮೀನುಗಾರ ಸಮುದಾಯವಾದ ಕೋಳಿ ಜನ ಈ ದಿನಗಳನ್ನು ಉಧಾಣ ಎನ್ನುತ್ತಾರೆ, ಅಷ್ಟಮಿ ಕಡೆಯ ಸಣ್ಣ ನೀರನ್ನು ಭಾಂಗ. ಉಧಾಣದಲ್ಲಿ ಮೀನು ಹೆಚ್ಚು ಎಂಬುದು ನಿಜವಿರಬಹುದು. ಆದರೂ ಹೊಸಬರು ಭಾಂಗದಲ್ಲೇ ಹೋಗಬೇಕು. ಆಗ ಇಡೀ ಏರಿಕೆ ಸಾಮಾನ್ಯವಾಗಿ ಒಂದೂವರೆ ಮೀಟರಿನಷ್ಟು. ಅಪಾಯದ ತಗ್ಗು ಬಂಡೆಗಳು ಆ ದಿನ ಮೇಲೇಳುವುದೇ ಇಲ್ಲ, ಇಳಿಯುವ ಆಸೆಯೂ ಹುಟ್ಟುವುದಿಲ್ಲ.

3. ನಿಲ್ಲುವ ಜಾಗ

ನೀವು ನಿಂತ ಬಂಡೆ ಎಷ್ಟು ಎತ್ತರ ಎಂದು ನೋಡಬೇಡಿ. ದಡಕ್ಕೂ ಬಂಡೆಗೂ ನಡುವಿನ ಅತಿ ತಗ್ಗು ಎಲ್ಲಿದೆ ಎಂದು ನೋಡಿ. ಹಾಜಿ ಅಲಿಯ ಹಾಗೆ: ದರ್ಗಾ ಒಣಗಿಯೇ ಇರುತ್ತದೆ, ಮುಳುಗುವುದು ದಾರಿ. ಬ್ಯಾಂಡ್‌ಸ್ಟ್ಯಾಂಡ್‌ನ ಕಪ್ಪು ಬಂಡೆಗಳ ನಡುವೆ ಇಂಥ ಓಣಿಗಳು ಬೇಕಾದಷ್ಟಿವೆ. ಹೋಗುವಾಗ ಪಾದ ಮುಳುಗುವ ಗುಂಡಿ ಬರುವಾಗ ಸೊಂಟ ದಾಟಿರುತ್ತದೆ, ಜೊತೆಗೆ ಸೆಳೆತ. ಹೋಗುವಾಗಲೇ ಆ ತಗ್ಗಿನಲ್ಲಿ ಒಂದು ಕಲ್ಲು ಗುರುತು ಮಾಡಿಕೊಳ್ಳಿ. ಅದು ಮುಳುಗಿತೋ, ಅಲಾರಾಂ ಹೊಡೆಯದಿದ್ದರೂ ಎದ್ದುಬಿಡಿ.

ಜಾಗ ಹಿಡಿಯುವ ಮೊದಲು ಹಿಂದೆ ನಿಂತು ಇಪ್ಪತ್ತು ನಿಮಿಷ ಅಲೆ ನೋಡಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ನಡುವೆ ಸಾಕಷ್ಟು ಹೊತ್ತು ಸುಮ್ಮನಿರುತ್ತವೆ. ಗಾಳಿಯೇ ಇಲ್ಲದ ದಿನವೂ ದೂರದ ಹಿಂದೂ ಮಹಾಸಾಗರದಲ್ಲಿ ಎದ್ದ ಉಬ್ಬಲೆ ಇಲ್ಲಿಗೆ ತಲುಪುತ್ತದೆ. ಹೈದರಾಬಾದಿನ ಇನ್‌ಕಾಯ್ಸ್ ಎಂಬ ಸಾಗರ ಮಾಹಿತಿ ಸಂಸ್ಥೆ ಇದಕ್ಕೆ ಮುನ್ನೆಚ್ಚರಿಕೆ ಕೊಡುತ್ತದೆ, ಹೊರಡುವ ಮೊದಲು ಅದನ್ನು ನೋಡಿ. ಒದ್ದೆಯಾದ ಬಂಡೆ ಸಮುದ್ರದ್ದು. ಒಣಗಿದ್ದರೂ ಹಸಿರು ಪಾಚಿ ಮೆತ್ತಿದ್ದರೆ ಅದೂ ಸಮುದ್ರದ್ದೇ. ಸಮುದ್ರಕ್ಕೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳುವ ಚಟವಿದ್ದವರು ಗೇಟ್‌ವೇಗೆ ಹೋಗಲಿ.

4. ಸಾಮಾನು

ತಂಗೂಸಿ, ಸೀಸದ ಗುಂಡು, ಎರೆಗೆ ಸಿಗಡಿ: ಇದೆಲ್ಲ ನಿಮಗೆ ಗೊತ್ತು. ಗೊತ್ತಿಲ್ಲದ್ದು ಕಾಲಿನದು. ಹವಾಯಿ ಚಪ್ಪಲಿ ಬೇಡವೇ ಬೇಡ. ಗಮ್‌ಬೂಟ್ ಇನ್ನೂ ಕೆಟ್ಟದ್ದು, ನೀರು ತುಂಬಿದರೆ ಕಾಲೆತ್ತಲಾಗದು. ಹಳೆಯ ಕ್ಯಾನ್ವಾಸ್ ಶೂ ಹಾಕಿ, ಲೇಸ್ ಬಿಗಿಯಾಗಿ ಕಟ್ಟಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಕಿತ್ತಳೆ ಬಣ್ಣದ ತೆಳು ಲೈಫ್ ಜಾಕೆಟ್‌ಗಳ ಪಟ್ಟಿ ಕೈಯಲ್ಲಿ ಎಳೆದರೇ ಕಿತ್ತುಬರುತ್ತದೆ. ತೇಲಿಸುವ ಬಲ 50 ನ್ಯೂಟನ್ ಎಂದು ಬರೆದಿದ್ದರೆ ಅದು ಈಜು ಬಲ್ಲವನಿಗೆ ಆಸರೆ ಮಾತ್ರ. ಮುಖ ಮೇಲಾಗಿ ತೇಲಿಸಬೇಕೆಂದರೆ 100 ಅಥವಾ ಹೆಚ್ಚಿನದನ್ನೇ ಕೊಳ್ಳಿ. ಮೂರು ಸಾವಿರದ ರಾಡ್ ಕೊಂಡು ಜಾಕೆಟ್ಟಿಗೆ ಚೌಕಾಸಿ ಮಾಡುವವರಿಗೆ ನನ್ನ ಬಳಿ ಉತ್ತರವಿಲ್ಲ.

ಕೈಗಾಳದ ನೂಲನ್ನು ಬೆರಳಿಗೆ ಸುತ್ತಿಕೊಳ್ಳಬೇಡಿ. ಜೇಬಿನಲ್ಲಿ ಚಾಕು ಇರಲಿ, ಏಕೆಂದರೆ ಗಾಳ ಬಂಡೆಗೆ ಸಿಕ್ಕಿಕೊಂಡೇ ಕೊಳ್ಳುತ್ತದೆ. ಆಗ ಕತ್ತರಿಸಿ ಬಿಟ್ಟುಬಿಡಿ. ಹತ್ತು ರೂಪಾಯಿಯ ಗಾಳ ಬಿಡಿಸಲು ಒಂದು ಮೆಟ್ಟಿಲು ಕೆಳಗಿಳಿಯುವುದು, ಆ ಒಂದು ಮೆಟ್ಟಿಲಿನಲ್ಲೇ ಜಾರುವುದು, ನಾನು ಅತಿ ಹೆಚ್ಚು ನೋಡಿದ ಮೂರ್ಖತನ.

5. ಜೊತೆ

ಒಬ್ಬರೇ ಹೋಗಬೇಡಿ. ಎಲ್ಲಿ ಇದ್ದೇವೆ, ಎಷ್ಟಕ್ಕೆ ಹತ್ತುತ್ತೇವೆ ಎಂದು ಮನೆಯಲ್ಲಿ ಒಬ್ಬರಿಗೆ ಹೇಳಿ. ಬಾಟಲಿ ಮನೆಯಲ್ಲೇ ಇರಲಿ.

6. ಯಾರಾದರೂ ಬಿದ್ದರೆ

ಹಾರಬೇಡಿ. 2016ರ ಜನವರಿಯಲ್ಲಿ ಬ್ಯಾಂಡ್‌ಸ್ಟ್ಯಾಂಡ್‌ನಲ್ಲಿ ಸೆಲ್ಫಿ ತೆಗೆಯುವಾಗ ನೀರಿಗೆ ಬಿದ್ದ ಯುವತಿಯನ್ನು ಉಳಿಸಲು ಧುಮುಕಿದ ದಾರಿಹೋಕನೂ ಪ್ರಾಣ ಕಳೆದುಕೊಂಡ. ನಿಮ್ಮ ಅಜಾಗರೂಕತೆಯ ಬೆಲೆಯನ್ನು ಪರಿಚಯವೇ ಇಲ್ಲದವನು ತೆರಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮುಚ್ಚಳ ಬಿಗಿದ ಖಾಲಿ ಐದು ಲೀಟರ್ ಕ್ಯಾನಿಗೆ ಉದ್ದ ಹಗ್ಗ ಕಟ್ಟಿ ಪಕ್ಕದಲ್ಲೇ ಇಟ್ಟುಕೊಂಡಿರಿ, ಅದನ್ನು ಎಸೆಯಿರಿ. 112ಕ್ಕೆ ಕರೆ ಮಾಡಿ. ಕೋಸ್ಟ್ ಗಾರ್ಡ್ ಸಂಖ್ಯೆ 1554. ನೀವೇ ಬಿದ್ದರೆ ಅಲೆ ಬಡಿಯುವ ಬಂಡೆಗೆ ಮರಳಿ ಹತ್ತಲು ಹೋಗಬೇಡಿ, ಚಿಪ್ಪುಗಳು ಮೈ ಸೀಳುತ್ತವೆ. ಬಂಡೆಯಿಂದ ದೂರ ಸರಿದು, ತೇಲುತ್ತಾ, ಹಗ್ಗ ಬರುವ ತನಕ ಅಥವಾ ಮರಳಿನ ಜಾಗ ಕಾಣುವ ತನಕ ಉಸಿರು ಉಳಿಸಿಕೊಳ್ಳಿ.

7. ಸಿಕ್ಕ ಮೀನು

ಕೆಂಬೇರಿಯೋ ಮುರುವೋ ಸಿಕ್ಕರೆ ಅದೃಷ್ಟ. ಹೆಚ್ಚಾಗಿ ಸಿಗುವುದು ತೇಡೆ (ಕ್ಯಾಟ್‌ಫಿಶ್), ಇಲ್ಲಿನವರ ಶಿಂಗಾಳಾ. ಬೆನ್ನಿನ ಮೇಲೊಂದು, ಅಕ್ಕಪಕ್ಕ ಒಂದೊಂದು ನಂಜಿನ ಮುಳ್ಳು. ಬರಿಗೈಯಲ್ಲಿ ಹಿಡಿಯದೆ ಇಕ್ಕಳದಲ್ಲಿ ಗಾಳ ಬಿಡಿಸಿ. ಚುಚ್ಚಿದರೆ ಐಸ್ ಇಡಬೇಡಿ. ಸಹಿಸುವಷ್ಟು ಬಿಸಿ ನೀರಿನಲ್ಲಿ, ಚರ್ಮ ಸುಡದಂತೆ, ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಅದ್ದಿಡಿ, ಆಮೇಲೆ ಡಾಕ್ಟರ ಬಳಿ ಹೋಗಿ ಧನುರ್ವಾಯು ಇಂಜೆಕ್ಷನ್ ಬೇಕೇ ಎಂದು ಕೇಳಿ.