ಮೂರು ಬೆಕ್ಕು, ಒಂದು ನಾಯಿ: ನಮ್ಮ ಮನೆಯ ವ್ಯವಸ್ಥೆ

ಮನೆಗೆ ಬಂದವರೆಲ್ಲ ಮೊದಲು ಕೇಳುವುದು, "ಇವು ಕಿತ್ತಾಡಲ್ವಾ?" ಅಂತ. ಕಿತ್ತಾಟ ಅಂಥ ದೊಡ್ಡ ವಿಷಯವೇ ಅಲ್ಲ. ಬೆಕ್ಕು ಒಂದೆರಡು ಸಲ ಬುಸ್ ಅಂದು ಮೂಗಿಗೆ ಒಂದು ಬಾರಿಸಿದರೆ ನಾಯಿ ತಾನಾಗಿ ದೂರ ನಿಲ್ಲುತ್ತದೆ. ದಿನಾ ತಲೆ ತಿನ್ನುವುದು ಊಟದ ತಟ್ಟೆ ಮತ್ತು ಲಿಟರ್ ಟ್ರೇ, ಅಂದರೆ ಲಿಟರ್ ಅನ್ನುವ ಮರಳಿನಂಥ ಪುಡಿ ತುಂಬಿದ, ಬೆಕ್ಕುಗಳು ಕಕ್ಕ ಮೂತ್ರ ಮಾಡುವ ಟ್ರೇ.

ನಮ್ಮದು ಮೈಸೂರಿನಲ್ಲಿ ನೆಲಮಹಡಿ ಮನೆ. ಗುಂಡ, ಚಿನ್ನಿ, ಬೊಟ್ಟು ಅಂತ ಬೆಕ್ಕುಗಳು ಮೊದಲೇ ಇದ್ದವು. ಭೀಮ ಆಮೇಲೆ ಬಂದ ಬೀದಿನಾಯಿ, ಈಗ ಬೀದಿಯ ನೆನಪೂ ಇಲ್ಲದವನ ಹಾಗೆ ಸೋಫಾ ಮೇಲೆ ಮಲಗುತ್ತಾನೆ. ಅವನನ್ನು ತಂದ ಹೊಸದರಲ್ಲಿ ಮುಖಾಮುಖಿ ಮಾಡಿಸಲೇ ಇಲ್ಲ. ಅವನು ಮಲಗಿದ್ದ ಹಳೇ ಬೆಡ್‌ಶೀಟನ್ನು ಬೆಕ್ಕುಗಳ ಹತ್ತಿರ, ಬೆಕ್ಕುಗಳ ಟವೆಲನ್ನು ಅವನ ಹತ್ತಿರ ಹಾಕಿ, ಮುಚ್ಚಿದ ಬಾಗಿಲಿನ ಎರಡೂ ಕಡೆ ಊಟ ಕೊಟ್ಟು, ವಾಸನೆ ಅಭ್ಯಾಸ ಆದಮೇಲೆ ಬಾಗಿಲು ತೆಗೆದೆವು. ಆಗಲೂ ಭೀಮನಿಗೆ ಬೆಲ್ಟು ಹಾಕಿದ್ದೆವು, ಬೆಕ್ಕುಗಳನ್ನು ಮಾತ್ರ ಅವುಗಳ ಪಾಡಿಗೆ ಬಿಟ್ಟಿದ್ದೆವು. ತುಂಬಾ ಜನ ಇದನ್ನು ಉಲ್ಟಾ ಮಾಡುತ್ತಾರೆ, ಬೆಕ್ಕನ್ನು ಎತ್ತಿಕೊಂಡು ನಾಯಿಯ ಮುಖಕ್ಕೆ ಹಿಡಿಯುತ್ತಾರೆ. ಓಡಿಹೋಗೋಕೆ ದಾರಿ ಇಲ್ಲದ ಬೆಕ್ಕು ಪರಚುವುದು ನಾಯಿಯನ್ನಲ್ಲ, ಎತ್ತಿಕೊಂಡವರ ಕೈಯನ್ನು.

ಒಟ್ಟಿಗೆ ಮುದ್ದಾಗಿ ಮಲಗಬೇಕು ಅನ್ನುವ ಆಸೆಯನ್ನು ನಾನು ಬೇಗ ಬಿಟ್ಟೆ. ಬೆಕ್ಕಿಗೆ ನಾಯಿ ಏರಲಾಗದ ಎತ್ತರ, ನಾಯಿ ನುಗ್ಗಲಾಗದ ಬಾಗಿಲು, ಈ ಎರಡು ಇದ್ದರೆ ಮನೆ ತಣ್ಣಗಿರುತ್ತದೆ. ಬೆಕ್ಕುಗಳ ಊಟ ವಾಷಿಂಗ್ ಮಷಿನ್ ಮೇಲೆ. ಮಲಗುವುದು ಬೀರು ಮೇಲೆ, ಗೋಡೆಯ ಸಜ್ಜಾ ಮೇಲೆ. ಟ್ರೇಗಳು ಸ್ಟೋರ್ ರೂಮಿನಲ್ಲಿ, ಬಾಗಿಲು ಒಂದು ಗೇಣಿಗಿಂತ ಜಾಸ್ತಿ ತೆರೆಯದ ಹಾಗೆ ಒಳಗಡೆ ಕೊಂಡಿಗೆ ಹಗ್ಗ ಕಟ್ಟಿದ್ದೇನೆ. ದಪ್ಪಗಿರುವ ಗುಂಡ ಕೂಡ ನುಸುಳುತ್ತಾನೆ, ಭೀಮನ ತಲೆ ಮಾತ್ರ ಒಳಗೆ ಹೋಗುತ್ತದೆ, ಭುಜ ಸಿಕ್ಕಿಕೊಳ್ಳುತ್ತದೆ. ಯಾಕೆ ಇಷ್ಟೆಲ್ಲ ಅಂದರೆ, ನಾಯಿಗೆ ಬೆಕ್ಕಿನ ಕಕ್ಕ ಅಂದರೆ ಪ್ರಾಣ. ಬೆಕ್ಕಿನ ಊಟದಲ್ಲಿ ಪ್ರೋಟೀನ್ ಜಾಸ್ತಿ, ಆ ವಾಸನೆಗೆ ಹೋಗುತ್ತಾನೆ. ಅದರ ಜೊತೆ ಲಿಟರ್ ನುಂಗಿದರೆ ಕರುಳಲ್ಲಿ ಕಟ್ಟಿಕೊಳ್ಳಬಹುದು, ಜಂತುಹುಳವೂ ಬರಬಹುದು. ಬೆಕ್ಕುಗಳ ಸಂಖ್ಯೆಗಿಂತ ಒಂದು ಟ್ರೇ ಜಾಸ್ತಿ ಇರಬೇಕು ಅನ್ನುತ್ತಾರೆ. ನಮ್ಮಲ್ಲಿ ಮೂರಕ್ಕೇ ಜಾಗ, ಅದಕ್ಕೆ ದಿನಕ್ಕೆ ಎರಡು ಸಲ ತೆಗೆಯುತ್ತೇನೆ. ಒಂದು ದಿನ ತಪ್ಪಿದರೂ ಚಿನ್ನಿ ಕಾಲೊರೆಸುವ ಮ್ಯಾಟ್ ಮೇಲೆ ಸೇಡು ತೀರಿಸಿಕೊಳ್ಳುತ್ತಾಳೆ.

ಊಟದ ವಿಷಯದಲ್ಲಿ ಮನೆಯೊಳಗೇ ರಾಜಿ ಮಾಡಿಕೊಳ್ಳಬೇಕಾಯಿತು. ಅತ್ತೆ ಮಡಿ ಜನ. "ನಮ್ಮ ಕಾಲದಲ್ಲಿ ಬೆಕ್ಕು ಹಾಲು ಅನ್ನ ತಿಂದೇ ಬದುಕಿರಲಿಲ್ವೇನಮ್ಮಾ?" ಅಂದರು. ಬದುಕಿದ್ದವು, ಆದರೆ ಅತ್ತೆಯವರ ಕಾಲದ ಬೆಕ್ಕುಗಳು ಹಗಲು ಹಾಲು ಅನ್ನ ತಿಂದು ರಾತ್ರಿ ಅಟ್ಟದಲ್ಲಿ ಇಲಿ ಹಿಡಿಯುತ್ತಿದ್ದವು. ಮನೆಯೊಳಗೇ ಇರುವ ಬೆಕ್ಕಿಗೆ ಆ ಇಲಿ ಎಲ್ಲಿಂದ ಬರಬೇಕು? ಬೆಕ್ಕಿಗೆ ಟಾರಿನ್ ಅನ್ನುವ ಅಂಶ ಮಾಂಸದಿಂದಲೇ ಸಿಗಬೇಕು, ಸಿಗದಿದ್ದರೆ ಕಣ್ಣೂ ಹೋಗುತ್ತದೆ, ಹೃದಯವೂ ಕೆಡುತ್ತದೆ. ನಾಯಿಯ ಊಟ ಹಾಕಿದರೂ ಇದೇ ಕಥೆ, ಅದರಲ್ಲಿ ಬೆಕ್ಕಿಗೆ ಬೇಕಾದಷ್ಟು ಟಾರಿನ್ ಇರುವುದಿಲ್ಲ. ಈಗ ಚಿಕನ್ ಬೇಯುವುದು ಹಿತ್ತಲಿನಲ್ಲಿ, ಬೇರೆ ಒಲೆ, ಬೇರೆ ಪಾತ್ರೆ, ಅದರ ಜೊತೆ ಬೆಕ್ಕಿನ ಪ್ಯಾಕೆಟ್ ಊಟ. ಅತ್ತೆ ಆ ಕಡೆ ತಲೆ ಹಾಕುವುದಿಲ್ಲ. ಆದರೆ ಮೊಸರನ್ನ ಕಲಸುವಾಗ ಭೀಮನಿಗೆ ಅಂತ ಒಂದು ತುತ್ತು ಎತ್ತಿಡುತ್ತಾರೆ. ಅದರಿಂದ ಅವನಿಗೆ ತೊಂದರೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಹಾಕಿದ್ದನ್ನು ಮಾತ್ರ ನಾಲ್ವರಿಗೂ ಕೊಡಬೇಡಿ ಅಂತ ಕೇಳಿಕೊಂಡಿದ್ದೇನೆ. ಅದರಿಂದ ರಕ್ತದ ಕಣಗಳೇ ಒಡೆಯುತ್ತವೆ.

ಎರಡೂ ಪ್ರಾಣಿ ಇರುವವರು ಗಟ್ಟಿಯಾಗಿ ನೆನಪಿಡಬೇಕಾದ್ದು ಉಣ್ಣಿ ಔಷಧಿ, ಅಂದರೆ ಮೈಗೆ ಅಂಟಿ ರಕ್ತ ಹೀರುವ ಉಣ್ಣಿಗೆ ಹಾಕುವ ಔಷಧಿ. ನಮ್ಮ ಕಡೆ ಉಣ್ಣಿ ಕಚ್ಚಿ ಬರುವ ಟಿಕ್ ಫೀವರ್ ಜಾಸ್ತಿ, ಭೀಮನಿಗೆ ಉಣ್ಣಿ ಔಷಧಿ ಇಲ್ಲದೆ ಆಗುವುದಿಲ್ಲ. ಆದರೆ ನಾಯಿಗೆ ಬರುವ ಕೆಲವು ಔಷಧಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ, ಅದು ಬೆಕ್ಕಿಗೆ ವಿಷ. ಬೆಕ್ಕಿನ ಮೈಗೇ ಹಚ್ಚಬೇಕು ಅಂತಿಲ್ಲ. ನಾಯಿಯ ಪಕ್ಕ ಒರಗಿ ಮಲಗಿದರೆ, ಅದರ ಮೈ ನೆಕ್ಕಿದರೆ ಸಾಕು, ಮೈ ನಡುಗಿ ಫಿಟ್ಸ್ ಬರುತ್ತದೆ. ಅಂಗಡಿಯಲ್ಲಿ "ಎರಡಕ್ಕೂ ಆಗುತ್ತೆ ಮೇಡಂ" ಅಂದರೂ ನಾನು ಡಬ್ಬಿಯ ಹಿಂದೆ ಓದದೆ ತರುವುದಿಲ್ಲ. ಭೀಮನಿಗೆ ಈಗ ಡಾಕ್ಟರ್ ಬರೆದುಕೊಟ್ಟ ಮಾತ್ರೆ. ಹಾಗೇ ಪ್ಯಾರಸಿಟಮಾಲ್ ಕೂಡ ಬೆಕ್ಕಿಗೆ ವಿಷ. ನಮಗೆ ಜ್ವರಕ್ಕೆ ನುಂಗುವ ಅದೇ ಮಾತ್ರೆ ಒಂದೇ ಒಂದು ಸಾಕು ಬೆಕ್ಕು ಸಾಯೋಕೆ.

ಆಸ್ಪತ್ರೆಗೆ ಹೋಗಿಬಂದ ಬೆಕ್ಕಿಗೆ ಉಳಿದವು ಶತ್ರುವಿನ ಹಾಗೆ ಬುಸುಗುಡುವುದನ್ನು ನೋಡಿ ಗಾಬರಿ ಆಗಬೇಡಿ. ಔಷಧಿ ವಾಸನೆಯಲ್ಲಿ ಗುರುತೇ ಸಿಗುವುದಿಲ್ಲ, ಅಷ್ಟೇ. ಒಂದು ರಾತ್ರಿ ಬೇರೆ ರೂಮಿನಲ್ಲಿಟ್ಟು, ಮನೆಯ ಟವೆಲಿನಿಂದ ಮೈ ಒರೆಸಿ ಬಿಟ್ಟರೆ ಸರಿಹೋಗುತ್ತದೆ.

ಹಾಗಂತ ಎಲ್ಲವೂ ತಾನಾಗಿ ಸರಿಹೋಗುವುದಿಲ್ಲ. ಗುಂಡ ಒಂದು ಸಲ ಟ್ರೇಗೆ ಹೋಗುವುದು, ಕೂರುವುದು, ಬರುವುದು, ಮತ್ತೆ ಹೋಗುವುದು ಮಾಡುತ್ತಿದ್ದ. ಲಿಟರ್ ಒಣಗೇ ಇತ್ತು, ಹೊಟ್ಟೆ ಮುಟ್ಟಿದರೆ ಕಿರುಚುತ್ತಿದ್ದ. ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೆ ನಾಳೆ ನೋಡೋಣ ಅನ್ನುವ ಹಾಗಿಲ್ಲ, ಒಂದೆರಡು ದಿನದಲ್ಲಿ ಜೀವಕ್ಕೇ ಬರುತ್ತದೆ. ಅವತ್ತೇ ನಳಿಕೆ ಹಾಕಿಸಿದೆವು. ಆಮೇಲೆ ಒಣ ಊಟ ಕಡಿಮೆ ಮಾಡಿ, ನೀರಿನ ಬಟ್ಟಲುಗಳನ್ನು ಮನೆಯಲ್ಲೆಲ್ಲ ಇಟ್ಟಿದ್ದೇನೆ. ಭೀಮ ಎಲ್ಲದಕ್ಕೂ ಬಾಯಿ ಹಾಕುತ್ತಾನೆ, ದಿನವಿಡೀ ನೀರು ತುಂಬಿಸುವುದೇ ಕೆಲಸ.

ರೇಬೀಸ್ ಇಂಜೆಕ್ಷನ್ ವರ್ಷಕ್ಕೊಂದು ಸಲ, ಬೆಕ್ಕುಗಳಿಗೂ ಸೇರಿ. ಮನೆಯೊಳಗೇ ಇರುತ್ತಲ್ಲ ಅಂತ ಬೆಕ್ಕನ್ನು ಬಿಡುವವರೇ ಜಾಸ್ತಿ. ಸಂತಾನಹರಣವೂ ಎಲ್ಲರಿಗೂ ಆಗಿದೆ, ಇಲ್ಲದಿದ್ದರೆ ಗೋಡೆಗೆಲ್ಲ ಗಂಡುಬೆಕ್ಕಿನ ಮೂತ್ರ ಒರೆಸುತ್ತಾ ಕೂರಬೇಕಿತ್ತು.

ಊರಿಗೆ ಹೋಗುವಾಗ ಭೀಮ ಜೊತೆಗೆ ಬರುತ್ತಾನೆ, ಬೆಕ್ಕುಗಳು ಮನೆಯಲ್ಲೇ. ಜಾಗ ಬದಲಾದರೆ ಅವಕ್ಕೆ ತಡೆಯೋಕಾಗಲ್ಲ. ಬೀಗದ ಕೈ ಎದುರುಮನೆ ಆಂಟಿ ಹತ್ತಿರ. ತಟ್ಟೆ ತುಂಬಿಸುವುದಕ್ಕಿಂತ, ಮೂರೂ ತಿಂದವಾ ಅಂತ ನಿಂತು ನೋಡಿ ಅಂತ ಅವರಿಗೆ ಹೇಳಿರುತ್ತೇನೆ. ಗುಂಡನಂಥ ದಪ್ಪ ಬೆಕ್ಕು ಎರಡು ಮೂರು ದಿನ ಊಟ ಬಿಟ್ಟರೆ ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡು ಕಾಯಿಲೆ ಬೀಳಬಹುದು. ಒಂದು ಹೊತ್ತು ಬಿಟ್ಟರೂ ಫೋನ್ ಮಾಡಿ, ರಾತ್ರಿ ಎಷ್ಟೊತ್ತಾದರೂ ಪರವಾಗಿಲ್ಲ ಅಂತ ಹೇಳಿಯೇ ಮನೆ ಬಿಡುವುದು.