ಸಮ್ಮರಿ ರೂಟ್ ಹಾಕಿದೆ, ಲೂಪ್ ಬಂತು: ನಾನು ಸರಿಮಾಡಿದ್ದು ಹೀಗೆ

ಲಿಂಕ್ ಇದ್ದಕ್ಕಿದ್ದಂತೆ ತುಂಬಿಹೋಗಿತ್ತು. ಕೋರ್ ರೂಟರ್‌ಗೂ ಬ್ರಾಂಚ್ ರೂಟರ್‌ಗೂ ನಡುವೆ ಇದ್ದದ್ದು 100 ಎಂಬಿಪಿಎಸ್. ಎಷ್ಟೇ ಕೆಲಸವಿದ್ದರೂ ಅದರಲ್ಲಿ ಅರ್ಧ ದಾಟುತ್ತಿದ್ದದ್ದು ಅಪರೂಪ. ಅವತ್ತು ಮಾತ್ರ ಎರಡೂ ದಿಕ್ಕಿನಲ್ಲಿ 90ರ ಮೇಲೆ ನಿಂತಿತ್ತು. ಯಾರೋ ದೊಡ್ಡ ಫೈಲ್ ಇಳಿಸಿಕೊಳ್ಳುತ್ತಿದ್ದಾರೆ ಅಂದುಕೊಂಡು ಅರ್ಧ ಗಂಟೆ ಅದನ್ನೇ ಹುಡುಕಿದೆ. ಆದರೆ ಡೌನ್‌ಲೋಡ್ ಆಗಿದ್ದರೆ ಒಂದು ದಿಕ್ಕಿನಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ ಇರಬೇಕಲ್ವಾ? ಇಲ್ಲಿ ಬರುವ ಗೆರೆ, ಹೋಗುವ ಗೆರೆ ಎರಡೂ ಒಂದರ ಮೇಲೊಂದು ಕೂತಿದ್ದವು. ಈಗ ಅಂಥ ಗ್ರಾಫ್ ಕಂಡರೆ ನನಗೆ ಮೊದಲು ನೆನಪಾಗುವುದು ಲೂಪ್, ಅಂದರೆ ಪ್ಯಾಕೆಟ್ ರೂಟರ್‌ಗಳ ನಡುವೆಯೇ ಸುತ್ತುತ್ತಿರುವುದು.

ಅದಕ್ಕೆ ಎರಡು ವಾರ ಮೊದಲು ನಾನು ಕೋರ್ ರೂಟರ್‌ನ ರೂಟಿಂಗ್ ಟೇಬಲ್ (ಯಾವ ವಿಳಾಸಕ್ಕೆ ಯಾವ ದಾರಿ ಅನ್ನುವ ಪಟ್ಟಿ) ಚಿಕ್ಕದು ಮಾಡಿದ್ದೆ. ಈ ಬ್ರಾಂಚ್‌ನಲ್ಲಿ 172.16.8.0ರಿಂದ 172.16.13.0ವರೆಗೆ ಆರು /24 ನೆಟ್‌ವರ್ಕ್‌ಗಳಿದ್ದವು (/24 ಅಂದರೆ ವಿಳಾಸದ ಮೊದಲ 24 ಬಿಟ್ ನೆಟ್‌ವರ್ಕ್ ಅನ್ನು ಗುರುತಿಸುತ್ತವೆ). ಕೋರ್‌ನಲ್ಲಿ ಅದಕ್ಕೆ ಕೈಯಿಂದ ಬರೆದ ಆರು ಸ್ಟ್ಯಾಟಿಕ್ ರೂಟ್. ಆರನ್ನೂ ತೆಗೆದು 172.16.8.0/21 ಅಂತ ಎಲ್ಲವನ್ನೂ ಒಳಗೊಳ್ಳುವ ಒಂದೇ ಸಮ್ಮರಿ ರೂಟ್ ಹಾಕಿದೆ. ಲೆಕ್ಕ ಸರಿಯಾಗಿಯೇ ಇತ್ತು. ಮೂರನೇ ಅಂಕಿಯನ್ನು ಬೈನರಿಯಲ್ಲಿ ಬರೆದರೆ 8 ಅಂದರೆ 00001000, 13 ಅಂದರೆ 00001101. ಮೊದಲ ಐದು ಬಿಟ್ ಒಂದೇ. 16ಕ್ಕೆ 5 ಸೇರಿಸಿದರೆ 21.

ಆದರೆ ಆ ಐದು ಬಿಟ್ 13ಕ್ಕೆ ನಿಲ್ಲುವುದಿಲ್ಲ, 15ರವರೆಗೂ ಹೋಗುತ್ತದೆ. ಅಂದರೆ ಎಂಟು ನೆಟ್‌ವರ್ಕ್. 14 ಮತ್ತು 15 ಬ್ರಾಂಚ್‌ನಲ್ಲಿ ಇರಲೇ ಇಲ್ಲ. ಮುಂದೆ ಬೇಕಾಗುತ್ತವೆ, ಇರಲಿ ಅಂತ ಬಿಟ್ಟಿದ್ದೆ.

ಕೋರ್ ರೂಟರ್‌ನಿಂದ ಆ ಇಲ್ಲದ 14ರೊಳಗಿನ 172.16.14.25ಕ್ಕೆ ಟ್ರೇಸ್‌ರೂಟ್ (ಪ್ಯಾಕೆಟ್ ಹಾಯುವ ರೂಟರ್‌ಗಳನ್ನು ಸಾಲಾಗಿ ತೋರಿಸುವ ಕಮಾಂಡ್) ಕೊಟ್ಟಾಗ ವಿಷಯ ಗೊತ್ತಾಯಿತು. ಮೊದಲ ಸಾಲು 10.0.0.2, ಅಂದರೆ ಬ್ರಾಂಚ್. ಎರಡನೇ ಸಾಲು 10.0.0.1, ಅಂದರೆ ಮತ್ತೆ ಕೋರ್. ಮೂರನೇ ಸಾಲು 10.0.0.2. ಹೀಗೇ 30 ಸಾಲು. ಕೋರ್ ತನ್ನ /21 ನೋಡಿ ಪ್ಯಾಕೆಟ್ ಅನ್ನು ಬ್ರಾಂಚ್‌ಗೆ ಕಳಿಸುತ್ತಿತ್ತು. ಬ್ರಾಂಚ್ ಹತ್ತಿರ 14 ಇಲ್ಲ. ಇದ್ದದ್ದು ಡೀಫಾಲ್ಟ್ ರೂಟ್ (ಬೇರೆ ಯಾವ ರೂಟೂ ಹೊಂದದಿದ್ದಾಗ ಹಿಡಿಯುವ ದಾರಿ), ಅದು ಕೋರ್ ಕಡೆಗೇ ತೋರಿಸುತ್ತಿತ್ತು. ಬ್ರಾಂಚ್ ವಾಪಸ್ ಕಳಿಸುತ್ತಿತ್ತು. ಕೋರ್ ಮತ್ತೆ ಕಳಿಸುತ್ತಿತ್ತು. ಎರಡೂ ರೂಟರ್‌ಗಳು ಹೇಳಿದ ಕೆಲಸವನ್ನೇ ಮಾಡುತ್ತಿದ್ದವು. ತಪ್ಪಿದ್ದದ್ದು ನಾನು ಹಾಕಿದ ಆ ಒಂದು ಸಾಲಿನಲ್ಲಿ.

ಹಾಗಾದರೆ ಇಲ್ಲದ ನೆಟ್‌ವರ್ಕ್‌ಗೆ ಪ್ಯಾಕೆಟ್ ಕಳಿಸಿದ್ದು ಯಾರು? ಅವತ್ತು ಒಂದು ವಿಂಡೋಸ್ ಸರ್ವರ್‌ನಲ್ಲಿ ಹೊಸ ಸ್ಕ್ಯಾನಿಂಗ್ ಟೂಲ್ ಶುರುವಾಗಿತ್ತು. ಅದಕ್ಕೆ ಇಡೀ /21 ಕೊಟ್ಟಿದ್ದರು. ಅದರ 2048 ವಿಳಾಸಗಳಲ್ಲಿ 512 ಈ ಇಲ್ಲದ ಎರಡು ನೆಟ್‌ವರ್ಕ್‌ಗೆ ಸೇರಿದವು. ಅಲ್ಲಿಗೆ ಅದು ಕಳಿಸುತ್ತಿದ್ದದ್ದು ಸುಮಾರು ಒಂದೂವರೆ ಎಂಬಿಪಿಎಸ್ ಮಾತ್ರ. ಆದರೆ ವಿಂಡೋಸ್ ಪ್ಯಾಕೆಟ್ ಸಾಮಾನ್ಯವಾಗಿ 128 ಟಿಟಿಎಲ್ (ಎಷ್ಟು ರೂಟರ್ ದಾಟಬಹುದು ಅನ್ನುವ ಎಣಿಕೆ) ಇಟ್ಟುಕೊಂಡು ಹೊರಡುತ್ತದೆ. ಪ್ರತಿ ರೂಟರ್ ದಾಟಿದಾಗ ಒಂದು ಕಡಿಮೆ. ಸೊನ್ನೆ ಆಗುವವರೆಗೆ ಅದೇ ಲಿಂಕ್ ಮೇಲೆ ಹೋಗಿ ಬರುತ್ತಲೇ ಇರುತ್ತದೆ. ಒಂದೊಂದು ಪ್ಯಾಕೆಟ್ ಒಂದು ದಿಕ್ಕಿನಲ್ಲಿ ಅರವತ್ತಕ್ಕೂ ಹೆಚ್ಚು ಸಲ ದಾಟುತ್ತದೆ. ಒಂದೂವರೆಯನ್ನು ಅರವತ್ತರಿಂದ ಗುಣಿಸಿ ನೋಡಿ, 90 ಎಲ್ಲಿಂದ ಬಂತು ಅಂತ ತಿಳಿಯುತ್ತದೆ. ಟಿಟಿಎಲ್ ಇಲ್ಲದಿದ್ದರೆ ಅವು ನಿಲ್ಲುತ್ತಲೇ ಇರಲಿಲ್ಲ.

ಸರಿಪಡಿಸಲು ಬೇಕಾದದ್ದು ಬ್ರಾಂಚ್ ರೂಟರ್‌ನಲ್ಲಿ ಒಂದೇ ಕಮಾಂಡ್: ಐಪಿ ರೂಟ್ 172.16.8.0 255.255.248.0 ನಲ್ 0. 255.255.248.0 ಅನ್ನುವುದು /21ರ ಮಾಸ್ಕ್, ನಲ್ 0 ಅನ್ನುವುದು ಬಂದದ್ದನ್ನು ಬಿಸಾಡುವ ಜಾಗ. ಈ /21ಗೆ ಸೇರಿದ್ದು ಬಂದು, ಅದಕ್ಕಿಂತ ನಿಖರವಾದ ರೂಟ್ ಸಿಗದಿದ್ದರೆ ಅಲ್ಲೇ ಬಿಸಾಡು ಅಂತ ಅರ್ಥ.

ನಾನು ಕಮಾಂಡ್ ಟೈಪ್ ಮಾಡುವಾಗ ಪಕ್ಕದಲ್ಲಿದ್ದ ಹೊಸ ಹುಡುಗ ಗಾಬರಿಯಾದ. “ಸರ್, ಆರೂ ನೆಟ್‌ವರ್ಕ್ ಅದರೊಳಗೇ ಇವೆಯಲ್ಲ? ಎಲ್ಲಾ ಬಿದ್ದುಹೋಗಲ್ವಾ?” ಒಳ್ಳೆಯ ಪ್ರಶ್ನೆ. ಇದೇ ಭಯದಿಂದ ಎಷ್ಟೋ ಜನ ಈ ಸಾಲು ಹಾಕುವುದಿಲ್ಲ. ಟೇಬಲ್ ತೆಗೆದು ತೋರಿಸಿದೆ. 172.16.11.40ಕ್ಕೆ ಬಂದ ಪ್ಯಾಕೆಟ್‌ಗೆ ಅಲ್ಲಿ ಮೂರು ರೂಟ್ ಹೊಂದುತ್ತವೆ: 11.0/24, ನಲ್‌ಗೆ ಹೋಗುವ /21, ಮತ್ತು ಡೀಫಾಲ್ಟ್ ಅಂದರೆ /0. ರೂಟರ್ ಯಾವಾಗಲೂ ಅತಿ ಉದ್ದದ ಮಾಸ್ಕ್ (/ ಆದಮೇಲೆ ಅತಿ ದೊಡ್ಡ ಅಂಕಿ) ಇರುವುದನ್ನೇ ಆರಿಸುತ್ತದೆ. ಹಾಗಾಗಿ /24 ಗೆಲ್ಲುತ್ತದೆ, ಪ್ಯಾಕೆಟ್ ಸರಿಯಾದ ಜಾಗಕ್ಕೆ ಸೇರುತ್ತದೆ. 172.16.14.25ಕ್ಕೆ ಬಂದದ್ದಕ್ಕೆ /24 ಇಲ್ಲ, /21 ಗೆಲ್ಲುತ್ತದೆ, ಅಲ್ಲೇ ಬೀಳುತ್ತದೆ. ಡೀಫಾಲ್ಟ್‌ವರೆಗೆ ಹೋಗುವುದೇ ಇಲ್ಲ. ಎಂಟರ್ ಒತ್ತಿದ ಮೇಲೆ ಲಿಂಕ್ ಕೆಲವೇ ಸೆಕೆಂಡಿನಲ್ಲಿ ಇಳಿಯಿತು.

ಇದು ನಾನು ಕಂಡುಹಿಡಿದ ಉಪಾಯವಲ್ಲ. 2006ರ ಇಂಟರ್ನೆಟ್ ಮಾನದಂಡ ದಾಖಲೆ ಆರ್‌ಎಫ್‌ಸಿ 4632ರಲ್ಲೇ ಇದು ನಿಯಮವಾಗಿದೆ: ಸಮ್ಮರಿ ಹೇಳುವ ರೂಟರ್, ಅದರೊಳಗೆ ನಿಖರ ರೂಟ್ ಇಲ್ಲದ ಪ್ಯಾಕೆಟ್‌ಗಳನ್ನು ತಾನೇ ಬಿಸಾಡಬೇಕು. ರೂಟರ್‌ಗಳು ತಮ್ಮ ರೂಟ್‌ಗಳನ್ನು ತಾವೇ ಹಂಚಿಕೊಳ್ಳುವ ಪ್ರೋಟೋಕಾಲ್‌ಗಳಿವೆ. ಸಿಸ್ಕೋ ರೂಟರ್‌ಗಳಲ್ಲಿ ಅಂಥ ಈಐಜಿಆರ್‌ಪಿಯಲ್ಲಿ ಸಮ್ಮರಿ ಹಾಕಿದರೆ ನಲ್ ರೂಟ್ ತಾನಾಗಿ ಬರುತ್ತದೆ. ಓಎಸ್‌ಪಿಎಫ್ ಏರಿಯಾ ರೇಂಜ್‌ಗೂ (ಏರಿಯಾ ಅಂದರೆ ನೆಟ್‌ವರ್ಕ್‌ನ ಒಂದು ಭಾಗ) ಬರುತ್ತದೆ, ಬಿಜಿಪಿ ಅಗ್ರಿಗೇಟ್‌ಗೂ ಬರುತ್ತದೆ. ಟೇಬಲ್‌ನಲ್ಲಿ ಅದನ್ನು ಕಂಡು ಸುಮ್ನೆ ಅಳಿಸಲು ಹೋಗುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಸ್ಟ್ಯಾಟಿಕ್ ರೂಟ್‌ನಲ್ಲಿ ಮಾತ್ರ ಇದನ್ನು ಯಾರೂ ನಮಗಾಗಿ ಮಾಡಿಕೊಡುವುದಿಲ್ಲ. ಲಿನಕ್ಸ್ ಪೆಟ್ಟಿಗೆಯನ್ನು ರೂಟರ್ ಮಾಡಿಕೊಂಡಿದ್ದರೆ ಸದ್ದಿಲ್ಲದೆ ಬಿಸಾಡುವ ಬ್ಲ್ಯಾಕ್‌ಹೋಲ್ ರೂಟ್ ಹಾಕಬಹುದು. ನಾನು ಅಲ್ಲಿ ಅನ್‌ರೀಚಬಲ್ ಹಾಕುತ್ತೇನೆ. ಕಳಿಸಿದವರಿಗೆ ‘ಈ ವಿಳಾಸ ಸಿಗುವುದಿಲ್ಲ’ ಅಂತ ಉತ್ತರವಾದರೂ ಹೋಗುತ್ತದೆ.

ಸಮ್ಮರಿಯನ್ನೇ ಬಿಗಿಯಾಗಿ ಬರೆದರೆ ಸಾಲದೇ ಅಂತ ಕೇಳಬಹುದು. 8ರಿಂದ 11ಕ್ಕೆ ಒಂದು /22, 12 ಮತ್ತು 13ಕ್ಕೆ ಒಂದು /23, ಸರಿಯಾಗಿ ಆರು ನೆಟ್‌ವರ್ಕ್. ನಾನೂ ಆಮೇಲೆ ಹಾಗೇ ಬದಲಾಯಿಸಿದೆ, ನಲ್ ರೂಟ್‌ಗಳನ್ನೂ ಅದಕ್ಕೆ ತಕ್ಕಂತೆ ಬರೆದೆ. ಆದರೆ ಬಿಗಿ ಸಮ್ಮರಿಯೊಂದೇ ಸಾಲುವುದಿಲ್ಲ. 11ರ ಇಂಟರ್‌ಫೇಸ್ ಡೌನ್ ಆದ ಕ್ಷಣ ಅದರ /24 ಟೇಬಲ್‌ನಿಂದ ಮಾಯ. ನಲ್ ರೂಟ್ ಇಲ್ಲದಿದ್ದರೆ ಡೀಫಾಲ್ಟ್ ಹಿಡಿದು ಮತ್ತದೇ ಲೂಪ್. ನೆಟ್‌ವರ್ಕ್ ಬಿದ್ದಾಗಲೇ ಮಾನಿಟರಿಂಗ್ ಟೂಲ್ ಬಿಡದೆ ಪಿಂಗ್ ಮಾಡುತ್ತಿರುತ್ತದೆ ಬೇರೆ.

ನಲ್ ರೂಟ್‌ನಿಂದಲೇ ಒಂದು ಸಲ ಪೆಟ್ಟು ತಿಂದಿದ್ದೇನೆ, ಅದನ್ನೂ ಹೇಳಬೇಕು. ಆಮೇಲೆ ಅದೇ ಬ್ರಾಂಚ್‌ಗೆ ಎರಡನೇ ರೂಟರ್ ಬಂತು. ಓಎಸ್‌ಪಿಎಫ್ ಹಾಕಿ, ಎರಡೂ ರೂಟರ್‌ಗಳಿಂದ ಒಂದೇ ಸಮ್ಮರಿಯನ್ನು ಕೋರ್‌ಗೆ ಹೇಳಿಸಿದೆ. ಒಂದು ದಿನ ಮೊದಲ ರೂಟರ್‌ಗೆ 11ರ ಸ್ವಿಚ್ ಜೊತೆಗಿನ ಕೇಬಲ್ ಹೋಯಿತು. ಉಳಿದ ನೆಟ್‌ವರ್ಕ್‌ಗಳು ಇದ್ದದ್ದರಿಂದ ಅದು ಸಮ್ಮರಿ ಹೇಳುತ್ತಲೇ ಇತ್ತು. ಕೋರ್ ಅದನ್ನು ನಂಬಿ ಒಂದಷ್ಟು ಟ್ರಾಫಿಕ್ ಅಲ್ಲಿಗೇ ಕಳಿಸಿತು, ಅಲ್ಲಿ ಎಲ್ಲ ನಲ್‌ಗೆ ಬಿತ್ತು. ಕೆಲವರಿಗೆ ಕೆಲಸವಾಗುತ್ತಿತ್ತು, ಕೆಲವರಿಗೆ ಇಲ್ಲ. ಪೂರ್ತಿ ನಿಂತಿದ್ದರೆ ಬೇಗ ಸಿಗುತ್ತಿತ್ತು. ಎರಡು ರೂಟರ್‌ಗಳ ನಡುವೆ ನೇರ ಲಿಂಕ್ ಎಳೆದು, ಅದೇ ಏರಿಯಾಗೆ ಸೇರಿಸಿ, /24ಗಳು ಪರಸ್ಪರ ಗೊತ್ತಾಗುವಂತೆ ಮಾಡಿದ ಮೇಲೆ ಸರಿಹೋಯಿತು. ಈಗ ಮೊದಲನೆಯದಕ್ಕೆ ದಾರಿ ಇಲ್ಲದಿದ್ದರೆ ಎರಡನೆಯದರ ಕಡೆಗೆ ಕಳಿಸುತ್ತದೆ.

ಈಗ ಯಾವುದೇ ಸಮ್ಮರಿ ಹಾಕಿದ ಮೇಲೆ ಎರಡು ಟ್ರೇಸ್‌ರೂಟ್ ಮಾಡದೆ ಎದ್ದೇಳುವುದಿಲ್ಲ. ಒಂದು, ಸಮ್ಮರಿಯೊಳಗೆ ಬಂದು ನಿಜವಾಗಿ ಇಲ್ಲದ ವಿಳಾಸಕ್ಕೆ. ಅಂಥದ್ದು ಇಲ್ಲದಿದ್ದರೆ ಒಂದು ಇಂಟರ್‌ಫೇಸ್ ಅನ್ನು ಬೇಕಂತಲೇ ಡೌನ್ ಮಾಡಿ ಅದಕ್ಕೆ. ಇನ್ನೊಂದು, ಚೆನ್ನಾಗಿ ನಡೆಯುತ್ತಿರುವ ವಿಳಾಸಕ್ಕೆ. ಎರಡನೆಯದು ಕೊನೆಯವರೆಗೆ ತಲುಪಬೇಕು. ಮೊದಲನೆಯದರಲ್ಲಿ ಬ್ರಾಂಚ್ ರೂಟರ್‌ನ ವಿಳಾಸ ಒಂದೇ ಒಂದು ಸಲ ಕಂಡು, ಅಲ್ಲಿಗೇ ನಿಲ್ಲಬೇಕು.